ಹಗಲು ‘ಫುಲ್’, ರಾತ್ರಿ ಎರಡೇ ಗಂಟೆ: ಸೋಲಾರ್ ಬ್ಯಾಟರಿ ಬದಲಾಯಿಸುವ ಮುನ್ನ ನೋಡಬೇಕಾದದ್ದು

ಓದುಗರ ಪ್ರಶ್ನೆ: ಮಲೆನಾಡಿನ ನಮ್ಮ ಮನೆಯಲ್ಲಿ 1 ಕಿಲೋವ್ಯಾಟ್ ಪ್ಯಾನೆಲ್, 24 ವೋಲ್ಟ್ ಸೋಲಾರ್ ಇನ್ವರ್ಟರ್, 150 ಎಎಚ್ (ಆಂಪಿಯರ್-ಅವರ್) ಸಾಮರ್ಥ್ಯದ ಎರಡು ಟ್ಯೂಬುಲರ್ ಬ್ಯಾಟರಿ ಇವೆ. ಹಾಕಿಸಿ ಮೂರು ವರ್ಷವಾಯಿತು. ಮಧ್ಯಾಹ್ನ ಎರಡಕ್ಕೆಲ್ಲ ಡಿಸ್‌ಪ್ಲೇಯಲ್ಲಿ ಬ್ಯಾಟರಿ ಫುಲ್ ಎಂದು ಬರುತ್ತದೆ. ಸಂಜೆ ಕರೆಂಟ್ ಹೋದರೆ ಎರಡು ಗಂಟೆಯೊಳಗೆ ಇನ್ವರ್ಟರ್ ಕೂಗಲು ಶುರು, ಆಮೇಲೆ ಕತ್ತಲೆ. ಬ್ಯಾಟರಿ ಕೂತುಹೋಗಿದೆ, ಎರಡನ್ನೂ ಬದಲಾಯಿಸಿ ಎನ್ನುತ್ತಾರೆ. ಬದಲಾಯಿಸಲೇಬೇಕೇ?

ಉತ್ತರ: ಇನ್ನೂ ಬೇಡ. ಡಿಸ್‌ಪ್ಲೇ ತೋರಿಸುವ ‘ಫುಲ್’ ಎನ್ನುವುದು ವೋಲ್ಟೇಜಿನ ಮಾತು, ಒಳಗೆ ತುಂಬಿರುವ ವಿದ್ಯುತ್ತಿನ ಮಾತಲ್ಲ. ಚಾರ್ಜ್ ಆಗುತ್ತಿರುವಾಗ ವೋಲ್ಟೇಜ್ ಒಂದು ಮಟ್ಟ ಮುಟ್ಟಿದ ಕೂಡಲೇ ಇನ್ವರ್ಟರ್ ಫುಲ್ ಎಂದು ಬರೆದುಬಿಡುತ್ತದೆ. ಅರ್ಧ ತುಂಬಿದ ಬ್ಯಾಟರಿಯೂ ಆ ಮಟ್ಟ ಮುಟ್ಟಬಲ್ಲದು, ಒಳಗಿನ ಪ್ಲೇಟಿನ ಮೇಲೆ ಸಲ್ಫೇಟ್ ಪದರ ಕಟ್ಟಿದ ಬ್ಯಾಟರಿ ಇನ್ನೂ ಬೇಗ ಮುಟ್ಟುತ್ತದೆ. ಹಾಗಾಗಿ ನಿಮ್ಮಲ್ಲಿ ನಡೆಯುತ್ತಿರುವುದು ನಾಲ್ಕರಲ್ಲಿ ಒಂದು: ಬ್ಯಾಟರಿ ಪೂರ್ತಿ ತುಂಬುತ್ತಿಲ್ಲ, ಟರ್ಮಿನಲ್‌ನಲ್ಲಿ ವೋಲ್ಟೇಜ್ ಸೋರುತ್ತಿದೆ, ಒಂದು ಸೆಲ್ (ಬ್ಯಾಟರಿಯೊಳಗಿನ ಆರು ಖಾನೆಗಳಲ್ಲಿ ಒಂದು) ಸತ್ತಿದೆ, ಇಲ್ಲವೇ ಬ್ಯಾಟರಿ ನಿಜಕ್ಕೂ ಮುಗಿದಿದೆ. ಮೊದಲ ಎರಡಕ್ಕೆ ದುಡ್ಡು ಬೇಕಿಲ್ಲ.

ಮೊದಲು ಲೆಕ್ಕ. ಎರಡು ಬ್ಯಾಟರಿ ಒಂದರ ಹಿಂದೊಂದಾಗಿ ಸೀರೀಸ್‌ನಲ್ಲಿದ್ದರೆ 24 ವೋಲ್ಟ್, 150 ಎಎಚ್, ಅಂದರೆ 3,600 ವ್ಯಾಟ್-ಅವರ್. ಲೆಡ್ ಆಸಿಡ್ ಬ್ಯಾಟರಿ ಹೆಚ್ಚು ಕಾಲ ಬಾಳಬೇಕಾದರೆ ದಿನನಿತ್ಯ ಅರ್ಧಕ್ಕಿಂತ ಹೆಚ್ಚು ಬಳಸಬಾರದು, ಹಾಗಾಗಿ ಕೈಗೆ ಸಿಗುವುದು 1,800. ಮೂರು ಹಳೆಯ ಫ್ಯಾನ್ 225 ವ್ಯಾಟ್, ಆರು ಎಲ್‌ಇಡಿ 54, ಟಿವಿ 80, ರೌಟರ್ 10, ಒಟ್ಟು 369. ಇನ್ವರ್ಟರ್ ತಾನೇ ತಿನ್ನುವುದನ್ನೂ ಸೇರಿಸಿದರೆ ಬ್ಯಾಟರಿಯಿಂದ ಹೊರಡುವುದು 430 ವ್ಯಾಟ್ ಆಸುಪಾಸು. ನಾಲ್ಕು ಗಂಟೆ ನಡೆದು ಇನ್ನೂ ಅರ್ಧ ಉಳಿಯಬೇಕು. ನಿಮ್ಮ ಲೋಡ್ ಇಷ್ಟೇ ಇದ್ದು ಎರಡು ಗಂಟೆಗೆ ನಿಲ್ಲುತ್ತಿದ್ದರೆ ದೋಷ ಇದೆ. ಫ್ರಿಜ್ಜೋ ಪಂಪೋ ಅದೇ ಲೈನಿನಲ್ಲಿದ್ದರೆ ಈ ಲೆಕ್ಕವನ್ನೇ ಮೊದಲು ಸರಿಮಾಡಿಕೊಳ್ಳಿ. ಬ್ಯಾಟರಿಯ ಲೇಬಲ್ ಮೇಲೆ ಸಿ10 ಇದೆಯೋ ಸಿ20 ಇದೆಯೋ ನೋಡಿ. ಸಿ20 ಎಂದರೆ 20 ಗಂಟೆಯಲ್ಲಿ ನಿಧಾನವಾಗಿ ಎಳೆದಾಗ 150 ಎಎಚ್. ಅದನ್ನೇ ಹತ್ತು ಗಂಟೆಯಲ್ಲಿ ಎಳೆದರೆ ಅಷ್ಟು ಸಿಗದು. ಸೋಲಾರ್‌ಗೆಂದೇ ಮಾಡಿದವು ಸಾಮಾನ್ಯವಾಗಿ ಸಿ10.

ಟರ್ಮಿನಲ್ ಮತ್ತು ವಯರ್

ಬಳೆ, ಉಂಗುರ, ವಾಚ್ ತೆಗೆದಿಡಿ. ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಕಿಟಕಿ ತೆರೆದಿರಲಿ, ದೇವರ ದೀಪ, ಊದುಬತ್ತಿ ಆ ಕೋಣೆಯಲ್ಲಿ ಬೇಡ.

ರಾತ್ರಿ ಮೇಲಿನ ಲೋಡ್ ಹಾಕಿಕೊಂಡು, ಮಲ್ಟಿಮೀಟರನ್ನು ಡಿಸಿ ವೋಲ್ಟ್‌ನಲ್ಲಿಟ್ಟು ಎರಡು ಕಡೆ ಅಳೆಯಿರಿ: ಬ್ಯಾಟರಿಯ ಸೀಸದ ಕಂಬದ ಮೇಲೆಯೇ ಒಮ್ಮೆ, ಇನ್ವರ್ಟರಿಗೆ ವಯರ್ ಸೇರುವ ಬೋಲ್ಟಿನ ಮೇಲೆ ಒಮ್ಮೆ. ಎರಡರ ನಡುವೆ 0.3 ವೋಲ್ಟ್‌ಗಿಂತ ಹೆಚ್ಚು ಅಂತರ ಇದ್ದರೆ ದಾರಿಯಲ್ಲಿ ಎಲ್ಲೋ ಸಡಿಲವಿದೆ ಅಥವಾ ವಯರ್ ತೆಳುವಾಗಿದೆ. ಇನ್ವರ್ಟರ್ ತನ್ನ ಬಾಗಿಲಲ್ಲಿ ಸಿಗುವ ವೋಲ್ಟೇಜನ್ನೇ ನಂಬುತ್ತದೆ. ಬ್ಯಾಟರಿಯಲ್ಲಿ 24 ಇದ್ದರೂ ಅದಕ್ಕೆ 22.9 ಕಂಡರೆ ಲೋ ಬ್ಯಾಟರಿ ಎಂದೇ ಕೂಗುತ್ತದೆ. ಚಾರ್ಜ್ ಮಾಡುವಾಗ ಇದೇ ತಪ್ಪು ತಿರುಗಿ ಹೊಡೆಯುತ್ತದೆ: ಅದಕ್ಕೆ 28.8 ಕಂಡಾಗ ಬ್ಯಾಟರಿಗೆ ತಲುಪಿರುವುದು ಕಡಿಮೆ, ಹೀಗಾಗಿ ತುಂಬುವ ಮೊದಲೇ ಕೈಬಿಡುತ್ತದೆ. ಒಂದು ಸಡಿಲ ಬೋಲ್ಟ್ ಎರಡೂ ಕಡೆ ಕಳ್ಳತನ ಮಾಡುವುದು ಹೀಗೆ.

ಬಿಳಿ ಅಥವಾ ಹಸಿರು ಪುಡಿ ಕೂತಿದ್ದರೆ ಲೋಡ್, ಪ್ಯಾನೆಲ್, ಬ್ಯಾಟರಿ ಎಲ್ಲ ಬಿಡಿಸಿ, ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಸೋಡಾ ನೀರು ಸೆಲ್‌ನ ಒಳಗೆ ಹೋಗದಂತೆ ಮುಚ್ಚಳಗಳು ಬಿಗಿಯಾಗಿರಲಿ. ಒಣಗಿಸಿ, ಬೋಲ್ಟ್ ಬಿಗಿದು, ಆಮೇಲೆ ಮೇಲಿಂದ ವ್ಯಾಸಲೀನ್ ಸವರಿ. ಮೊದಲೇ ಸವರಿ ಆಮೇಲೆ ಬಿಗಿಯಬೇಡಿ.

ಸೆಟ್ಟಿಂಗ್: ಹೆಚ್ಚಿನ ಬ್ಯಾಟರಿಗಳು ಸಾಯುವುದು ಇಲ್ಲೇ

ಪ್ಯಾನೆಲ್ ಕಡಿಮೆ ಎಂದು, ಕಂಪನಿ ಸರಿಯಿಲ್ಲ ಎಂದು ದೂರುವ ಮೊದಲು ಇನ್ವರ್ಟರಿನ ಮೆನು ತೆರೆಯಿರಿ. ಅನೇಕ ಇನ್ವರ್ಟರ್‌ಗಳಲ್ಲಿ ಬ್ಯಾಟರಿ ವಿಧ ಫ್ಯಾಕ್ಟರಿಯಿಂದಲೇ ‘ಎಜಿಎಂ’ (ನೀರು ಹಾಕದ, ಮುಚ್ಚಿದ ಬ್ಯಾಟರಿ) ಎಂದು ಬಂದಿರುತ್ತದೆ, ಹಾಕಲು ಬಂದವರು ಅದನ್ನು ಮುಟ್ಟುವುದೇ ಇಲ್ಲ. 24 ವೋಲ್ಟ್ ಇನ್ವರ್ಟರಿನಲ್ಲಿ ಎಜಿಎಂ ಎಂದರೆ 28.2 ವೋಲ್ಟ್‌ಗೆ ಬಲ್ಕ್ ಚಾರ್ಜ್ (ಪೂರ್ಣ ವೇಗದ ಚಾರ್ಜ್) ನಿಲ್ಲುತ್ತದೆ. ನೀರು ಹಾಕುವ ಟ್ಯೂಬುಲರ್ ಬ್ಯಾಟರಿಗೆ ಬೇಕಿರುವುದು 28.8ರಿಂದ 29.2, ಅಂದರೆ ಒಂದೊಂದಕ್ಕೆ 14.4ರಿಂದ 14.6. ವ್ಯತ್ಯಾಸ ಅರ್ಧ ವೋಲ್ಟ್ ಎಂದು ಕಡೆಗಣಿಸಬೇಡಿ. ಬ್ಯಾಟರಿಯ ಕೊನೆಯ ಶೇಕಡಾ 20 ಭಾಗ ತುಂಬುವುದು ಆ ಅರ್ಧ ವೋಲ್ಟಿನಲ್ಲೇ, ಅದೂ ನಿಧಾನವಾಗಿ, ಮೂರು ನಾಲ್ಕು ಗಂಟೆ ತೆಗೆದುಕೊಂಡು. ದಿನವೂ ಆ ಭಾಗ ಖಾಲಿ ಉಳಿದರೆ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗುತ್ತ ಹೋಗುತ್ತದೆ, ಮತ್ತೆ ಸುಲಭಕ್ಕೆ ಕರಗುವುದಿಲ್ಲ. ಒಂದೆರಡು ವರ್ಷದಲ್ಲಿ ಅಷ್ಟು ಸಾಮರ್ಥ್ಯ ಶಾಶ್ವತವಾಗಿ ಹೋಯಿತು ಎಂದೇ ಲೆಕ್ಕ.

ವಿಧವನ್ನು ‘ಫ್ಲಡೆಡ್’ ಅಥವಾ ‘ಟ್ಯೂಬುಲರ್’ಗೆ ಬದಲಿಸಿ. ‘ಯೂಸರ್’ ಆಯ್ಕೆ ಇದ್ದರೆ ಬಲ್ಕ್ 28.8, ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವ ವೋಲ್ಟೇಜ್) 27.2 ಇಡಿ. ಗರಿಷ್ಠ ಚಾರ್ಜಿಂಗ್ ಕರೆಂಟ್ 15 ಆಂಪಿಯರ್ ಆದರ್ಶ, 150 ಎಎಚ್‌ನ ಹತ್ತನೇ ಒಂದು. ಬಿಸಿಲು ಕಡಿಮೆ ಇರುವ ಊರಿನಲ್ಲಿ 20ರವರೆಗೆ ಏರಿಸಬಹುದು, 30 ದಾಟಿಸಬೇಡಿ. ಕೆಲವರು ‘ಬ್ಯಾಟರಿಗೆ ಒಳ್ಳೆಯದು’ ಎಂದು 10ಕ್ಕೆ ಇಳಿಸಿಟ್ಟಿರುತ್ತಾರೆ. ಐದು ಗಂಟೆ ಬಿಸಿಲಿಗೆ 50 ಎಎಚ್ ಆಯಿತು, ಅದರಲ್ಲೂ ಶಾಖವಾಗಿ ಹೋಗುವುದು ಬೇರೆ. ನಿನ್ನೆ ರಾತ್ರಿ 75 ತೆಗೆದಿದ್ದರೆ ಇಂದು ಸಾಲ ತೀರುವುದು ಹೇಗೆ?

ಇನ್ನು ಆದ್ಯತೆ, ಅಂದರೆ ಮನೆಗೆ ಯಾವ ಮೂಲದಿಂದ ಮೊದಲು ವಿದ್ಯುತ್ ಎಂಬುದು. ‘ಸೋಲಾರ್, ಬ್ಯಾಟರಿ, ಗ್ರಿಡ್ (ಲೈನ್ ಕರೆಂಟ್)’ ಎಂಬ ಕ್ರಮದಲ್ಲಿ ಇಟ್ಟಿದ್ದರೆ ಸೂರ್ಯ ಮುಳುಗಿದ ಮೇಲೆ, ಕರೆಂಟ್ ಇದ್ದರೂ ಮನೆ ಬ್ಯಾಟರಿಯಿಂದಲೇ ನಡೆಯುತ್ತದೆ. ಅದು ಗ್ರಿಡ್‌ಗೆ ಮರಳುವ ವೋಲ್ಟೇಜ್ ಅನೇಕ 24 ವೋಲ್ಟ್ ಇನ್ವರ್ಟರ್‌ಗಳಲ್ಲಿ 23.0, ಪೂರ್ತಿ ಕಡಿತ 21.0 ಎಂದು ಬಂದಿರುತ್ತದೆ. ಆ 21 ಎಂದರೆ ಒಂದೊಂದು ಬ್ಯಾಟರಿ 10.5ಕ್ಕೆ ಇಳಿಯುವುದು, ಮನೆಯ ಸಣ್ಣ ಲೋಡಿನಲ್ಲಿ ಹಾಗಾದರೆ ಒಳಗೆ ಏನೂ ಉಳಿದಿಲ್ಲ ಎಂದರ್ಥ. ಗ್ರಿಡ್‌ಗೆ ಮರಳುವುದನ್ನು 24.0ಕ್ಕೆ, ಕಡಿತವನ್ನು 23.0ಕ್ಕೆ ಏರಿಸಿ. ಮತ್ತೆ ಬ್ಯಾಟರಿಗೆ ಬರುವ ವೋಲ್ಟೇಜ್ 27.0 ಇದ್ದರೆ ಅದನ್ನೂ ತಿದ್ದಿ. ಬೆಳಗ್ಗೆ ಹತ್ತಕ್ಕೆ ಒಂದು ಬಿಸಿಲು ಬಿದ್ದರೆ 27 ಮುಟ್ಟಿ, ಅರೆಬರೆ ಹೊಟ್ಟೆಯ ಬ್ಯಾಟರಿಯ ಮೇಲೆ ಮತ್ತೆ ಮನೆಯ ಹೊರೆ ಬೀಳುತ್ತದೆ. ಅಲ್ಲಿ ‘ಫುಲ್’ ಎಂಬ ಆಯ್ಕೆ ಇದ್ದರೆ ಅದನ್ನೇ ಆರಿಸಿ. ನಿಮ್ಮ ಪ್ರಶ್ನೆ ಕರೆಂಟ್ ಹೋದ ಸಂಜೆಯದ್ದು, ಹೋಗುವ ಹೊತ್ತಿಗೇ ಬ್ಯಾಟರಿ ಎಷ್ಟು ಉಳಿದಿತ್ತು ಎಂಬುದನ್ನು ಈ ಸೆಟ್ಟಿಂಗ್ ನಿರ್ಧರಿಸುತ್ತದೆ.

ಮಲೆನಾಡಿನ ಮಳೆಗಾಲಕ್ಕೆ ಬೇರೆಯದೇ ಸೆಟ್ಟಿಂಗ್ ಬೇಕು. ಆರಿದ್ರಾದಿಂದ ಆಶ್ಲೇಷದವರೆಗೆ, ವಾರಗಟ್ಟಲೆ ಬಿಸಿಲು ಮೂಡದಿದ್ದಾಗ, ಬೇಸಗೆಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತಿದ್ದ ಪ್ಯಾನೆಲ್ ಒಂದು ಯೂನಿಟ್‌ಗೂ ಏದುಸಿರು ಬಿಡಬಹುದು. ಚಾರ್ಜಿಂಗ್ ಮೂಲ ‘ಸೋಲಾರ್ ಮಾತ್ರ’ ಎಂದಿದ್ದರೆ ಆ ಸುಮಾರು ಎರಡು ತಿಂಗಳು ಬ್ಯಾಟರಿ ಒಮ್ಮೆಯೂ ತುಂಬುವುದಿಲ್ಲ. ಜೂನ್‌ನಲ್ಲಿ ಅದನ್ನು ‘ಸೋಲಾರ್ ಮತ್ತು ಗ್ರಿಡ್’ಗೆ ಬದಲಿಸಿ, ಗ್ರಿಡ್ ಚಾರ್ಜ್ 15 ಆಂಪಿಯರ್ ಇಡಿ. ಬಿಲ್ ಸ್ವಲ್ಪ ಏರುತ್ತದೆ, ಏರಲಿ. ಹೊಸ ಜೋಡಿ ಬ್ಯಾಟರಿಯ ಬೆಲೆ ಮುಂದೆ ಅದು ಲೆಕ್ಕಕ್ಕಿಲ್ಲ. ಮಳೆ ಹಿಂದೆ ಸರಿದ ಮೇಲೆ ಹಳೆಯದಕ್ಕೆ ಮರಳಿ.

ಬ್ಯಾಟರಿಯ ನಾಡಿ ಹಿಡಿಯುವುದು

ಸೆಟ್ಟಿಂಗ್ ಸರಿಮಾಡಿ ಎರಡು ದಿನ ಗ್ರಿಡ್‌ನಿಂದಲೂ ಪೂರ್ತಿ ಚಾರ್ಜ್ ಆಗಲು ಬಿಡಿ. ಆಮೇಲೆ ಪ್ಯಾನೆಲ್, ಗ್ರಿಡ್, ಲೋಡ್ ಎಲ್ಲ ಆಫ್ ಮಾಡಿ ಮೂರು ಗಂಟೆ ಬ್ಯಾಟರಿ ವಿಶ್ರಮಿಸಲಿ. ಈಗ ಹೈಡ್ರೋಮೀಟರ್, ಆಸಿಡ್ ಎಷ್ಟು ಗಾಢ (ಗ್ರ್ಯಾವಿಟಿ) ಎಂದು ಅಳೆಯುವ ಸಾಧನ. ಟ್ಯೂಬುಲರ್ ಬ್ಯಾಟರಿ ಪೂರ್ತಿ ತುಂಬಿದಾಗ ಗ್ರ್ಯಾವಿಟಿ 27 ಡಿಗ್ರಿಯಲ್ಲಿ ಸಾಮಾನ್ಯವಾಗಿ 1.240, ಲೇಬಲ್ ಬೇರೆ ಹೇಳಿದರೆ ಅದೇ ಸರಿ. ಗ್ರ್ಯಾವಿಟಿಗೆ 0.84 ಸೇರಿಸಿದರೆ ಒಂದು ಸೆಲ್‌ನ ವಿಶ್ರಾಂತ ವೋಲ್ಟೇಜ್ ಸಿಗುತ್ತದೆ: 2.08, ಆರು ಸೆಲ್‌ಗೆ ಸುಮಾರು 12.5. ಕಾರಿನ ಬ್ಯಾಟರಿಯ ಪಟ್ಟಿ ನೋಡಿ 12.7 ಬರಲಿಲ್ಲ ಎಂದು ಗಾಬರಿಯಾಗಬೇಡಿ, ಅದರ ಆಸಿಡ್ ಹೆಚ್ಚು ಗಾಢ. 1.180 ಬಂದರೆ ಅರ್ಧದ ಆಸುಪಾಸು.

ಹನ್ನೆರಡೂ ಸೆಲ್ ಅಳೆದು ಬರೆದಿಡಿ. ಎಲ್ಲವೂ 1.200ರ ಹತ್ತಿರ ಒಂದೇ ಸಮ ಕಡಿಮೆ ಇದ್ದರೆ ಇನ್ನೂ ತುಂಬಿಲ್ಲ ಅಥವಾ ಸಲ್ಫೇಟ್ ಹಿಡಿದಿದೆ, ಉಳಿಸಿಕೊಳ್ಳುವ ಅವಕಾಶ ಇದೆ. ಹನ್ನೊಂದು ಚೆನ್ನಾಗಿದ್ದು ಒಂದೇ 0.030ಕ್ಕಿಂತ ಹೆಚ್ಚು ಕೆಳಗಿದ್ದರೆ ಆ ಸೆಲ್‌ನ ಮೇಲೆ ಅನುಮಾನ. ಡಿಸ್ಟಿಲ್ಡ್ ವಾಟರ್ ಹಾಕಿದ ದಿನ ಮಾತ್ರ ಅಳೆಯಬೇಡಿ, ನೀರು ಮೇಲೇ ನಿಂತಿರುತ್ತದೆ, ಓದು ಸುಳ್ಳಾಗುತ್ತದೆ. ಎತ್ತರದ ಟ್ಯೂಬುಲರ್ ಬ್ಯಾಟರಿಗಳಲ್ಲಿ ಸದಾ ಅರೆ ಚಾರ್ಜ್ ಆಗಿದ್ದರೆ ಆಸಿಡ್ ತಳಕ್ಕಿಳಿದು ಮೇಲೆ ತೆಳ್ಳಗಿರುವುದೂ ಉಂಟು.

ಸಲ್ಫೇಟ್‌ಗೂ ತಳಕ್ಕಿಳಿದ ಆಸಿಡ್‌ಗೂ ಮದ್ದು ಈಕ್ವಲೈಸೇಷನ್: ಒಂದೊಂದಕ್ಕೆ 15.0ರಿಂದ 15.5 ವೋಲ್ಟ್ (ಜೋಡಿಗೆ 30ರಿಂದ 31), ಕಡಿಮೆ ಕರೆಂಟಿನಲ್ಲಿ, ಎರಡರಿಂದ ಮೂರು ಗಂಟೆ. ಗುಳ್ಳೆ ಏಳುತ್ತದೆ, ಆಸಿಡ್ ಕಲಕುತ್ತದೆ. ಗಂಟೆಗೊಮ್ಮೆ ಗ್ರ್ಯಾವಿಟಿ ನೋಡಿ, ಏರುವುದು ನಿಂತರೆ ನಿಲ್ಲಿಸಿ. ಬ್ಯಾಟರಿ ಮೈ 45 ಡಿಗ್ರಿ ಮುಟ್ಟಿದರೆ ತಕ್ಷಣ ನಿಲ್ಲಿಸಿ. ಇದು ನೀರು ಹಾಕುವ ಬ್ಯಾಟರಿಗೆ ಮಾತ್ರ. ಜೆಲ್, ಎಜಿಎಂ, ಲಿಥಿಯಂಗೆ ಮಾಡಿದರೆ ಹಾಳು. ಮುಗಿದ ಮೇಲೆ ಮಟ್ಟ ನೋಡಿ ಡಿಸ್ಟಿಲ್ಡ್ ವಾಟರ್ ತುಂಬಿ. ಬಾವಿನೀರು, ಫಿಲ್ಟರ್ ನೀರು, ಹೊಸ ಆಸಿಡ್ ಮೂರೂ ಬೇಡ.

ಕೊನೆಯ ತೀರ್ಪು ಡಿಸ್‌ಚಾರ್ಜ್ ಪರೀಕ್ಷೆಯದು. ಪೂರ್ತಿ ತುಂಬಿದ ಮೇಲೆ 300 ವ್ಯಾಟ್ ಲೋಡ್ ಹಾಕಿ, ಬ್ಯಾಟರಿಯಿಂದ 14 ಆಂಪಿಯರ್ ಆಸುಪಾಸು ಹೋಗುತ್ತದೆ. ಅರ್ಧ ಗಂಟೆಗೊಮ್ಮೆ ಎರಡು ಬ್ಯಾಟರಿಯನ್ನೂ ಬೇರೆಬೇರೆಯಾಗಿ ಅಳೆದು ಬರೆಯಿರಿ. ಐದು ಗಂಟೆ ನಡೆದು ಜೋಡಿ 24ರ ಹತ್ತಿರ ನಿಂತರೆ ಬ್ಯಾಟರಿ ಚೆನ್ನಾಗಿದೆ, ತಪ್ಪೆಲ್ಲ ಸೆಟ್ಟಿಂಗಿನದು. ಒಂದು 12.2ರಲ್ಲಿ ನಿಂತು ಇನ್ನೊಂದು 11ಕ್ಕೆ ಜಾರಿದರೆ ಆ ಇನ್ನೊಂದರಲ್ಲಿ ಸೆಲ್ ಹೋಗಿದೆ. ಎರಡೂ ಸಮನಾಗಿ, ಎರಡು ಗಂಟೆಯೊಳಗೆ 23ಕ್ಕೆ ಬಂದರೆ ಬದಲಾಯಿಸುವ ಕಾಲ ಬಂದಿದೆ.

ಬದಲಾಯಿಸುವುದಾದರೆ

ಮೂರು ವರ್ಷದ ಹಳೆಯ ಬ್ಯಾಟರಿಯ ಜೊತೆ ಹೊಸದೊಂದನ್ನು ಸೀರೀಸ್‌ನಲ್ಲಿ ಕೂಡಿಸಬೇಡಿ, ಹಳೆಯದು ಬೇಗ ಏರಿ ಬೇಗ ಇಳಿಯುತ್ತ ಹೊಸದನ್ನು ಅರೆಹೊಟ್ಟೆಯಲ್ಲೇ ಇಡುತ್ತದೆ. ಜೋಡಿಯನ್ನೇ ಬದಲಿಸಿ.

ಲಿಥಿಯಂ ಫಾಸ್ಫೇಟ್‌ಗೆ ಹೋಗುವವರು 24 ವೋಲ್ಟ್‌ಗೆ ಎಂಟು ಸೆಲ್‌ನ 25.6 ವೋಲ್ಟ್ ಪ್ಯಾಕ್ ತೆಗೆದುಕೊಳ್ಳಬೇಕು. ಚಾರ್ಜ್ 28.0ರಿಂದ 28.4, ಫ್ಲೋಟ್ 27.0, ಕಡಿತ 24.8, ಈಕ್ವಲೈಸೇಷನ್ ಪೂರ್ತಿ ಆಫ್. ಇದರ ವೋಲ್ಟೇಜ್ ಬಹುಪಾಲು 26.4ರ ಸುತ್ತಲೇ ಚಪ್ಪಟೆಯಾಗಿರುವುದರಿಂದ ವೋಲ್ಟೇಜ್ ನೋಡಿ ಶೇಕಡಾ ಹೇಳಲಾಗದು, ಪ್ಯಾಕಿನೊಳಗೇ ಇದ್ದು ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್ ಆದ ಬಿಎಂಎಸ್‌ನ ಎಣಿಕೆಯನ್ನೇ ನಂಬಬೇಕು. ಬಿರುಬಿಸಿಲಿನಲ್ಲಿ ಮಧ್ಯಾಹ್ನ ಇದ್ದಕ್ಕಿದ್ದಂತೆ ಬ್ಯಾಟರಿಯೇ ಕಳಚಿಕೊಂಡಂತಾದರೆ, ಒಂದು ಸೆಲ್ ಉಳಿದವಕ್ಕಿಂತ ಮೊದಲೇ 3.65 ವೋಲ್ಟ್ ಮುಟ್ಟಿ ಬಿಎಂಎಸ್ ಕಡಿದಿರುವ ಸಾಧ್ಯತೆ ಹೆಚ್ಚು. ಚಾರ್ಜ್ ವೋಲ್ಟೇಜನ್ನು 27.6ಕ್ಕೆ ಇಳಿಸಿ ಒಂದು ವಾರ ಬಿಟ್ಟರೆ ಸೆಲ್‌ಗಳು ಸಮವಾಗುತ್ತ ಬರುತ್ತವೆ, ಆಮೇಲೆ ಮೆಲ್ಲಗೆ ಏರಿಸಿ.

ಹಳೆಯವನ್ನು ಗುಜರಿಗೆ ಕೊಡಬೇಡಿ, ಸೀಸ ಮತ್ತು ಆಸಿಡ್ ತೋಟದ ಮಣ್ಣಿಗೆ ಹೋಗುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯ ಸಂಗ್ರಹ, ಮರುಬಳಕೆ ತಯಾರಕರ ಹೊಣೆ, ಡೀಲರ್‌ಗಳು ಹಳೆಯದಕ್ಕೆ ಬೆಲೆ ಕಟ್ಟಿ ಹೊಸದರಲ್ಲಿ ಕಳೆಯುತ್ತಾರೆ. ಬಿಚ್ಚುವ ಮೊದಲು ವಯರಿಂಗ್‌ನ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಬಿಚ್ಚುವಾಗ ಮೊದಲು ಪ್ಯಾನೆಲ್ ಸ್ವಿಚ್ ಆಫ್, ಆಮೇಲೆ ಬ್ಯಾಟರಿ. ಜೋಡಿಸುವಾಗ ಮೊದಲು ಬ್ಯಾಟರಿ, ಇನ್ವರ್ಟರಿನ ಪರದೆಯಲ್ಲಿ 24 ವೋಲ್ಟ್ ಕಂಡ ಮೇಲಷ್ಟೇ ಪ್ಯಾನೆಲ್. ಬ್ಯಾಟರಿ ಇಲ್ಲದೆ ಪ್ಯಾನೆಲ್ ಮಾತ್ರ ಕೊಟ್ಟರೆ ಕೆಲವು ಚಾರ್ಜ್ ಕಂಟ್ರೋಲರ್‌ಗಳು ಸುಟ್ಟುಹೋಗುತ್ತವೆ.