ಮೂರನೇ ಪೆಟ್ಟಿಗೆ ಎಲ್ಲಿ ಹೋಯಿತು?

ಎಡಕ್ಕೊಂದು ಸ್ಪೀಕರ್, ಬಲಕ್ಕೊಂದು. ಗಾಯಕಿಯ ದನಿ ಮಾತ್ರ ಎರಡರ ನಡುವಿನ ಬರಿ ಗೋಡೆಯಿಂದ ಬರುತ್ತದೆ. ಸೋಫಾದಲ್ಲಿ ಒಂದಡಿ ಸರಿದು ಕೂತರೆ ಸಾಕು, ಆಕೆ ಹತ್ತಿರದ ಪೆಟ್ಟಿಗೆಯೊಳಗೆ ಸೇರಿಕೊಂಡುಬಿಡುತ್ತಾಳೆ.

ಇದು ಹಳೆಯ ತಕರಾರು. 1931ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ರೆಕಾರ್ಡ್ ಕಂಪನಿ ಇಎಂಐನ ಎಂಜಿನಿಯರ್ ಅಲನ್ ಬ್ಲಮ್ಲೈನ್ ಸ್ಟೀರಿಯೊ, ಅಂದರೆ ಎಡಬಲ ಬೇರೆಬೇರೆ ಸದ್ದು ಕೊಟ್ಟು ದನಿಗೆ ಜಾಗ ತೋರಿಸುವ ಪದ್ಧತಿಯ, ಪೇಟೆಂಟಿಗೆ ಅರ್ಜಿ ಹಾಕಿದರು. ಸಿನಿಮಾದಲ್ಲಿ ನಟ ಪರದೆಯ ಒಂದು ಬದಿಗಿದ್ದರೆ ಮಾತು ಇನ್ನೊಂದು ಬದಿಯಿಂದ ಬರುವುದು ಅವರಿಗೆ ಸಹಿಸಲಾಗಲಿಲ್ಲವಂತೆ. ಸ್ಪೀಕರ್ ಎರಡೇ ಸಾಕು, ನಡುವಿನದನ್ನು ಕಿವಿ ತುಂಬಿಕೊಳ್ಳುತ್ತದೆ ಎಂಬುದು ಅವರ ಲೆಕ್ಕ. ಅಮೆರಿಕದ ಬೆಲ್ ಪ್ರಯೋಗಾಲಯದವರ ಲೆಕ್ಕ ಬೇರೆ. 1933ರ ಏಪ್ರಿಲ್ 27ರಂದು ಫಿಲಡೆಲ್ಫಿಯಾದ ವಾದ್ಯಮೇಳವನ್ನು ತಂತಿಯ ಮೂಲಕ ವಾಷಿಂಗ್ಟನ್ನಿನಲ್ಲಿ ಕೇಳಿಸಿದಾಗ ಅವರು ಮೂರು ಮೈಕು, ಮೂರು ಸ್ಪೀಕರ್ ಇಟ್ಟರು. ಸಭಾಂಗಣದಲ್ಲಿ ಎಲ್ಲರಿಗೂ ನಟ್ಟನಡುವಿನ ಕುರ್ಚಿ ಎಲ್ಲಿ ಸಿಗಬೇಕು?

ಮನೆಗೆ ಬಂದದ್ದು ಎರಡೇ. ಅದಕ್ಕೆ ಕಾರಣ ಕಿವಿಯಲ್ಲ, ಗ್ರಾಮಫೋನ್ ಪ್ಲೇಟಿನಲ್ಲಿ ಸೂಜಿ ಓಡುವ ಗೀರು. 1958ರಲ್ಲಿ ಅಂಗಡಿಗೆ ಬಂದ ಸ್ಟೀರಿಯೊ ಎಲ್‌ಪಿ ಪ್ಲೇಟಿನ ಗೀರಿಗೆ 45 ಡಿಗ್ರಿ ಓರೆಯ ಎರಡು ಗೋಡೆ. ಒಂದರಲ್ಲಿ ಎಡ, ಇನ್ನೊಂದರಲ್ಲಿ ಬಲ. ಮೂರನೆಯದಕ್ಕೆ ಗೋಡೆಯೇ ಇಲ್ಲ. ಪೆಟ್ಟಿಗೆಗಳನ್ನು ಕೋಣೆಯ ಮೂಲೆಗೆ ತಳ್ಳಿ ಇಡಿಸುತ್ತಿದ್ದ ಅಮೆರಿಕದ ಸ್ಪೀಕರ್ ತಯಾರಕ ಪಾಲ್ ಕ್ಲಿಪ್ಶ್, ನಡುವೆ ಖಾಲಿ ಬೀಳುತ್ತದೆಂದು ಎಡಬಲ ಬೆರೆಸಿದ ಮೂರನೇ ಸ್ಪೀಕರ್ ಇಡಿ ಎಂದರು. ಎರಡನೆಯದನ್ನು ಒಳಗೆ ತರಲೇ ಮನೆಯವರನ್ನು ಒಪ್ಪಿಸಬೇಕಾದವರು ಮೂರನೆಯದರ ಮಾತು ಎತ್ತಿಯಾರೆ?

ಹಾಗಾಗಿ ಭಾರವೆಲ್ಲ ಕೇಳುವವನ ಕುರ್ಚಿಯ ಮೇಲೆ ಬಿತ್ತು. ಸ್ಪೀಕರ್‌ಗಳ ನಡುವೆ ಎಷ್ಟು ದೂರವೋ ಒಂದೊಂದರಿಂದಲೂ ನಮಗೆ ಅಷ್ಟೇ ದೂರ ಇರಲಿ, 60 ಡಿಗ್ರಿಯ ತ್ರಿಕೋನವಾಗಲಿ ಎಂಬುದು ಎಲ್ಲರೂ ಹೇಳುವ ಸೂತ್ರ. ತ್ರಿಕೋನದ ಬದಿ 2 ಮೀಟರ್ ಅಂದುಕೊಳ್ಳಿ. 30 ಸೆಂಟಿಮೀಟರ್ ಪಕ್ಕಕ್ಕೆ ಸರಿದರೆ ಒಂದರ ಸದ್ದು ಇನ್ನೊಂದಕ್ಕಿಂತ ಸುಮಾರು 0.9 ಮಿಲಿಸೆಕೆಂಡ್ ಮೊದಲು ತಲುಪುತ್ತದೆ. ಪೂರ್ತಿ ಪಕ್ಕದಿಂದ ಬಂದ ಸದ್ದು ಕೂಡ ನಮ್ಮ ಎರಡು ಕಿವಿಗಳನ್ನು ತಲುಪುವ ವೇಳೆಯ ವ್ಯತ್ಯಾಸ 0.7 ಮಿಲಿಸೆಕೆಂಡಿನ ಆಸುಪಾಸು. ಮಿದುಳು ಮೊದಲು ಬಂದವರ ಕಡೆ ವಾಲದೆ ಇನ್ನೇನು ಮಾಡೀತು?

ನಮ್ಮ ಹಾಲ್‌ನಲ್ಲಿ ದಾರ ಹಿಡಿದು ಅಳೆದೆ. ಮೂಗಿನಿಂದ ಎರಡೂ ಕಡೆ ಸರಿಸಮ. ದನಿ ಮಾತ್ರ ಎಡಕ್ಕೇ ಎಳೆಯುತ್ತಿತ್ತು. ಬಲಗಡೆ ದಪ್ಪ ಪರದೆಯ ಕಿಟಕಿ, ಎಡಗಡೆ ಗಾಜಿನ ಷೋಕೇಸು. ಗಾಜಿಗೆ ಬಡಿದ ಸದ್ದು ಕೂಡಲೇ ತಿರುಗಿ ಬಂದು ಎಡದ ಪಾಲನ್ನು ಹೆಚ್ಚಿಸುತ್ತಿತ್ತು. ಷೋಕೇಸಿಗೆ ಕಂಬಳಿ ಹೊದಿಸಿದೆ, ಗಾಯಕಿ ನಡುವಿಗೆ ಬಂದಳು. ನೆಂಟರು ಬರುವ ಭಾನುವಾರ ಅಮ್ಮ ಕಂಬಳಿ ತೆಗೆಸುತ್ತಾಳೆ.