ಗೂಗಲ್ ಬಟನ್ ಒತ್ತಿದರೆ ಪಾಸ್‌ವರ್ಡ್ ಎಲ್ಲಿಗೆ ಹೋಗುತ್ತದೆ?

ಕಲಬುರಗಿಯ ಗಂಜ್‌ನಲ್ಲಿ ಈಗ ತೊಗರಿ ರೇಟನ್ನೂ ಮೊಬೈಲಿನಲ್ಲೇ ನೋಡುತ್ತಾರೆ. ಯಾವ ಹೊಸ ಆ್ಯಪ್ ಹಾಕಿಕೊಂಡರೂ ಮೊದಲು ಕಾಣುವುದು ‘ಗೂಗಲ್ ಮೂಲಕ ಲಾಗಿನ್ ಆಗಿ’ ಅನ್ನುವ ಬಟನ್. ಅಡತ್ ಅಂಗಡಿಯ ಗುಮಾಸ್ತರೊಬ್ಬರು ಕೇಳಿದರು: “ಇದನ್ನ ಒತ್ತಿದ್ರ ನಮ್ಮ ಜಿಮೇಲ್ ಪಾಸ್‌ವರ್ಡ್ ಆ್ಯಪಿನವ್ರಿಗಿ ಹೋಗ್ತದೇನ್ರಿ?”

ಆ್ಯಪ್ ನೆಟ್ಟಗಿದ್ದರೆ ಹೋಗುವುದಿಲ್ಲ. ಇದರ ಹಿಂದಿರುವುದು ಓಆಥ್ ಎಂಬ ಪದ್ಧತಿ. ಅದರ 2.0 ಆವೃತ್ತಿ ಬಂದದ್ದು 2012ರಲ್ಲಿ. ಬಟನ್ ಒತ್ತಿದ ಕೂಡಲೇ ಆ್ಯಪ್ ಪಕ್ಕಕ್ಕೆ ಸರಿಯುತ್ತದೆ, ಬ್ರೌಸರಿನಲ್ಲಿ ಗೂಗಲ್‌ನ ಪುಟ ತೆರೆಯುತ್ತದೆ. ಪಾಸ್‌ವರ್ಡ್ ಹಾಕುವುದು ಅಲ್ಲಿ. ಆ್ಯಪಿಗೆ ಸಿಗುವುದು ಒಂದೇ ಸಲ ನಡೆಯುವ, ಸ್ವಲ್ಪ ಹೊತ್ತಿಗೆ ಸತ್ತುಹೋಗುವ ಒಂದು ಕೋಡ್. ಅದನ್ನು ಗೂಗಲ್‌ಗೆ ವಾಪಸ್ ತೋರಿಸಿದರೆ ನಿಮ್ಮ ಹೆಸರು, ಇಮೇಲ್ ಇರುವ ಟೋಕನ್, ಅಂದರೆ ಡಿಜಿಟಲ್ ಗುರುತಿನ ಚೀಟಿ, ಬರುತ್ತದೆ.

ಮೊಬೈಲಿನಲ್ಲಿ ಒಂದು ತಂಟೆ ಇದೆ. ಆ ಕೋಡ್ ಬ್ರೌಸರಿನಿಂದ ಆ್ಯಪಿಗೆ ಬರುವ ವಿಳಾಸವನ್ನು ಇನ್ನೊಂದು ಕಳ್ಳ ಆ್ಯಪ್ ‘ಇದು ನಂದೇ’ ಎಂದು ಹೇಳಿಕೊಳ್ಳಬಹುದು. ಕೋಡ್ ಅದರ ಕೈಗೆ ಸಿಕ್ಕರೆ? 2015ರಲ್ಲಿ ಬಂದ ಪಿಕ್ಸಿ ಎಂಬ ಉಪಾಯ ಇದಕ್ಕೇ. ಆ್ಯಪ್ ಮೊದಲೇ ಕನಿಷ್ಠ 43 ಅಕ್ಷರದ ಅಡ್ಡಾದಿಡ್ಡಿ ಗುಟ್ಟೊಂದನ್ನು ಹುಟ್ಟಿಸಿಕೊಳ್ಳುತ್ತದೆ. ಆ ಗುಟ್ಟನ್ನು ಗಣಿತದಲ್ಲಿ ಅರೆದು, ಅರೆದದ್ದನ್ನು ಮಾತ್ರ ಗೂಗಲ್‌ಗೆ ಕಳಿಸುತ್ತದೆ. ಅರೆದದ್ದರಿಂದ ಗುಟ್ಟನ್ನು ಮತ್ತೆ ತೆಗೆಯಲು ಬರುವುದಿಲ್ಲ. ಕೊನೆಗೆ ಕೋಡಿನ ಜೊತೆ ಮೂಲ ಗುಟ್ಟನ್ನೂ ಕೊಡಬೇಕು. ಗೂಗಲ್ ತಾನೂ ಅರೆದು ತಾಳೆ ನೋಡುತ್ತದೆ. ಕಳ್ಳನ ಹತ್ತಿರ ಗುಟ್ಟು ಎಲ್ಲಿಂದ ಬರಬೇಕು, ಅಲ್ವಾ? ನನಗಂತೂ ಇಡೀ ಪದ್ಧತಿಯಲ್ಲಿ ಜಾಸ್ತಿ ಹಿಡಿಸಿದ್ದು ಈ ಭಾಗವೇ.

ಕೆಲವು ಆ್ಯಪ್‌ಗಳು ಲಾಗಿನ್ ಪುಟವನ್ನು ತಮ್ಮೊಳಗೇ ತೆರೆಯುತ್ತವೆ. ಅಲ್ಲಿ ನೀವು ಒತ್ತಿದ ಪ್ರತಿ ಅಕ್ಷರವನ್ನೂ ಆ್ಯಪ್ ಓದಬಹುದು. ಹೀಗೆ ಮಾಡಬಾರದೆಂದು ಓಆಥ್‌ನ 2017ರ ಮಾರ್ಗಸೂಚಿಯೇ ಇದೆ. ಆಂಡ್ರಾಯ್ಡಿನಲ್ಲಿ ಫೋನಿನಲ್ಲಿರುವ ಖಾತೆಗಳ ಪಟ್ಟಿ ಕೆಳಗಿನಿಂದ ಮೇಲೆ ಬಂದರೆ ಚಿಂತೆಯಿಲ್ಲ, ಅಲ್ಲಿ ಖಾತೆ ಆರಿಸಿದರೆ ಸಾಕು. ಆ್ಯಪಿನ ಒಳಗೇ ಪಾಸ್‌ವರ್ಡ್ ಕೇಳಿದರೆ ಮಾತ್ರ ಹೊರಗೆ ಬನ್ನಿ.

ಆ್ಯಪ್ ನಿಮ್ಮ ಖಾತೆಯಲ್ಲಿ ಏನೇನು ನೋಡಬಹುದೆಂದು ಗೂಗಲ್ ಕೇಳುವ ಅನುಮತಿ ಪುಟವನ್ನೂ ಸುಮ್ನೆ ಒತ್ತಿ ದಾಟಬೇಡಿ. ರೇಟು ತೋರಿಸುವ ಆ್ಯಪಿಗೆ ಗೂಗಲ್ ಡ್ರೈವ್‌ನಲ್ಲಿ ನೀವು ಇಟ್ಟ ಫೈಲುಗಳು ಯಾಕೆ ಬೇಕು? ಆ್ಯಪ್ ತೆಗೆದುಹಾಕಿದರೂ ಕೊಟ್ಟ ಅನುಮತಿ ಹಾಗೇ ಉಳಿದಿರುತ್ತದೆ. ಗೂಗಲ್ ಖಾತೆಯ ಸೆಟ್ಟಿಂಗಿಗೆ ಹೋಗಿ ಬೇರೆಯಾಗಿ ರದ್ದು ಮಾಡಬೇಕು.

ನಮ್ಮ ಕಡೆ ಇನ್ನೊಂದು ತೊಂದರೆ ಜಾಸ್ತಿ. ಹೊಸ ಫೋನ್ ಕೊಂಡಾಗ ಅಂಗಡಿ ಹುಡುಗನೇ ಜಿಮೇಲ್ ಮಾಡಿಕೊಡುತ್ತಾನೆ, ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ. ಫೋನ್ ಕಳೆದ ದಿನ ಆ ಒಂದು ಖಾತೆಯ ಜೊತೆ ಅದನ್ನೇ ನಂಬಿದ ಎಲ್ಲ ಆ್ಯಪ್‌ಗಳೂ ಮುಚ್ಚಿಕೊಳ್ಳುತ್ತವೆ. ಖಾತೆ ವಾಪಸ್ ಪಡೆಯಲು ಕೊಟ್ಟ ಮೊಬೈಲ್ ನಂಬರ್ ಈಗಲೂ ಚಾಲ್ತಿಯಲ್ಲಿದೆಯಾ ಎಂದು ಇವತ್ತೇ ಒಮ್ಮೆ ನೋಡಿಕೊಳ್ಳಿ.