ಬಳ್ಳಾರಿ ಪೇಟೆಗೆ ಕ್ಯಾಸಿನೊ ಬಂದರೆ ಲಾಭ ಯಾರಿಗೆ?

“ಗೋವಾಕ್ಕೆ ಹೋಗಿ ರೊಕ್ಕ ಕಳಕಂಡು ಬರ್ತಾರೆ. ಅದೇ ಇಲ್ಲೇ ಒಂದು ಕ್ಯಾಸಿನೊ ಇದ್ರೆ ರೊಕ್ಕ ನಮ್ಮೂರಾಗೇ ಉಳೀತದಲ್ಲಣ್ಣ?”

ಬಳ್ಳಾರಿಯಲ್ಲಿ ಚಹಾ ಕುಡಿಯುತ್ತಾ ನಿಂತಾಗ ಇಂಥ ಮಾತು ಕಿವಿಗೆ ಬೀಳುವುದುಂಟು. ಸುಮ್ನೆ ತಳ್ಳಿಹಾಕುವ ಮಾತಲ್ಲ ಇದು. ಗೋವಾದ ವಾಸ್ಕೋಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ನಮ್ಮ ಸ್ಟೇಷನ್ ಹಾದೇ ಹೋಗುತ್ತದೆ. ಅಲ್ಲಿನ ಮಾಂಡೋವಿ ನದಿಯ ಮೇಲಿನ ಕ್ಯಾಸಿನೊ ಹಡಗುಗಳಲ್ಲಿ ಕನ್ನಡ ಮಾತಾಡುವವರಿಗೇನೂ ಕಮ್ಮಿ ಇಲ್ಲ. ಇತ್ತ ಬೆಂಗಳೂರು ರಸ್ತೆ, ಬ್ರೂಸ್‌ಪೇಟೆ, ತೇರು ಬೀದಿಯ ಅಂಗಡಿಯವರು ಮೊಬೈಲ್‌ನಲ್ಲೇ ಎಲ್ಲ ತರಿಸಿಕೊಳ್ಳುವ ಗಿರಾಕಿಗಳ ಕಾಲದಲ್ಲಿ ಹೊಸ ಜನ ಎಲ್ಲಿಂದ ಬರಬೇಕು ಅಂತ ಯೋಚಿಸುತ್ತಿದ್ದಾರೆ. ಪೇಟೆಯ ನಡುವೆ ಒಂದು ದೊಡ್ಡ ಆಕರ್ಷಣೆ ಬಂದರೆ ಸುತ್ತಲಿನ ವ್ಯಾಪಾರವೂ ಏಳುತ್ತದೆ ಅನ್ನುವ ಆಸೆ ಸಹಜ.

1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಪ್ರಕಾರ ಜೂಜಿನ ಅಡ್ಡೆ ನಡೆಸುವುದು ಅಪರಾಧ. ಹಾಗಾಗಿ ಸದ್ಯಕ್ಕೆ ಇದು ಬರೀ ಚರ್ಚೆ. ಆದರೂ ಕೇಳಬೇಕಾದ ಪ್ರಶ್ನೆಯೇ. ಯಾಕೆಂದರೆ ಇದಕ್ಕೆ ನೀತಿಪಾಠ ಬಿಟ್ಟು, ಲೆಕ್ಕದ ಮೂಲಕವೇ ಉತ್ತರ ಹುಡುಕಬಹುದು. ಆ ಲೆಕ್ಕ ಶುರುವಾಗುವುದು ಒಂದು ಚಕ್ರದಿಂದ.

ರೂಲೆಟ್ ಅಂದರೆ ತಿರುಗುವ ಚಕ್ರದಲ್ಲಿ ಚೆಂಡು ಯಾವ ಅಂಕಿಯ ಮನೆಗೆ ಬೀಳುತ್ತದೆ ಅಂತ ಬಾಜಿ ಕಟ್ಟುವ ಆಟ. ಯುರೋಪಿನ ಮಾದರಿಯ ರೂಲೆಟ್ ಚಕ್ರದಲ್ಲಿ 37 ಮನೆಗಳಿರುತ್ತವೆ. 18 ಕೆಂಪು, 18 ಕಪ್ಪು, ಹಸಿರು ಬಣ್ಣದ ಒಂದು ಸೊನ್ನೆ. ನೀವು ಯಾವುದೋ ಒಂದು ಅಂಕಿಯ ಮೇಲೆ 100 ರೂಪಾಯಿ ಕಟ್ಟುತ್ತೀರಿ. ಗೆದ್ದರೆ 3,500 ರೂಪಾಯಿ ಕೊಡುತ್ತಾರೆ, ನೀವು ಕಟ್ಟಿದ 100 ಕೂಡ ವಾಪಸ್ ಬರುತ್ತದೆ. ಕೇಳುವುದಕ್ಕೆ ಚೆನ್ನಾಗಿದೆ ಅಲ್ವಾ? ಈಗ 37 ಮನೆಗಳ ಮೇಲೂ ನೂರು ನೂರು ಇಟ್ಟು ನೋಡಿ. ಕೈಯಿಂದ ಹೋಗುವುದು 3,700. ಚೆಂಡು ಎಲ್ಲೇ ಬೀಳಲಿ, ವಾಪಸ್ ಬರುವುದು 3,600. ನೂರು ರೂಪಾಯಿ ಮೇಜಿನ ಮೇಲೇ ಉಳಿಯಿತು. ಅಂದರೆ ಕಟ್ಟಿದ ಪ್ರತಿ 100 ರೂಪಾಯಿಗೆ 2 ರೂಪಾಯಿ 70 ಪೈಸೆ ಕ್ಯಾಸಿನೊದ್ದು. ಅಮೆರಿಕದ ಚಕ್ರದಲ್ಲಿ ಇನ್ನೊಂದು ಸೊನ್ನೆ ಜಾಸ್ತಿ ಇರುವುದರಿಂದ ಅದು 5 ರೂಪಾಯಿ 26 ಪೈಸೆಗೆ ಏರುತ್ತದೆ. ಇದಕ್ಕೆ ಮೋಸವೇನೂ ಬೇಕಿಲ್ಲ. ಚಕ್ರ ಎಷ್ಟು ನಿಯತ್ತಾಗಿ ತಿರುಗುತ್ತದೋ ಮಾಲೀಕನಿಗೆ ಅಷ್ಟು ನೆಮ್ಮದಿ.

ಎರಡೂವರೆ ರೂಪಾಯಿ ಚಿಲ್ಲರೆಯಲ್ಲಿ ಇಷ್ಟು ದೊಡ್ಡ ಕಟ್ಟಡ ಹೇಗೆ ನಡೆಯುತ್ತದೆ? ಇದಕ್ಕೆ ಉತ್ತರ ಕೊಟ್ಟವನು ಸ್ವಿಟ್ಜರ್ಲೆಂಡಿನ ಗಣಿತಜ್ಞ ಯಾಕೋಬ್ ಬರ್ನೌಲಿ. ಅವನು ಸತ್ತ ಮೇಲೆ, 1713ರಲ್ಲಿ ಪ್ರಕಟವಾದ ಕೃತಿಯಲ್ಲಿ ದೊಡ್ಡ ಸಂಖ್ಯೆಗಳ ನಿಯಮವಿದೆ. ಆಟ ಹೆಚ್ಚಾದಷ್ಟೂ ಅದೃಷ್ಟದ ಏರುಪೇರು ಸರಾಸರಿಯ ಮುಂದೆ ಸಣ್ಣದಾಗುತ್ತಾ ಹೋಗುತ್ತದೆ ಅನ್ನುವುದೇ ಆ ನಿಯಮ. ಗೆದ್ದರೆ ಕಟ್ಟಿದಷ್ಟೇ ಲಾಭ ಕೊಡುವ ಕೆಂಪಿಗೋ ಕಪ್ಪಿಗೋ ನೂರು ರೂಪಾಯಿಯಂತೆ ಹತ್ತು ಲಕ್ಷ ಸಲ ಬಾಜಿ ಕಟ್ಟಿದರು ಅಂತಿಟ್ಟುಕೊಳ್ಳಿ. ಮೇಜಿನ ಮೇಲೆ ಓಡಾಡಿದ್ದು 10 ಕೋಟಿ. ಕ್ಯಾಸಿನೊಗೆ ಸಿಗಬೇಕಾದ್ದು ಸುಮಾರು 27 ಲಕ್ಷ. ಅದೃಷ್ಟದಿಂದ ಅದು ಸಾಮಾನ್ಯವಾಗಿ ಆಚೀಚೆ ಆಗುವುದು ಒಂದು ಲಕ್ಷದಷ್ಟು, ಅಷ್ಟೆ. ಆಡುವವನ ಪಾಲಿಗೆ ಅದು ಜೂಜು, ಆಡಿಸುವವನ ಪಾಲಿಗೆ ಬಡ್ಡಿ ವ್ಯಾಪಾರದಷ್ಟು ಖಾತ್ರಿ.

ಆದರೆ ಇಲ್ಲೊಂದು ಷರತ್ತಿದೆ. ಪೇಟೆಯ ಪ್ರಶ್ನೆಗೆ ಉತ್ತರ ಇರುವುದೂ ಈ ಷರತ್ತಿನಲ್ಲೇ. ಗಿರಾಕಿ ತುಂಬ ಹೊತ್ತು ಆಡಬೇಕು.

ಒಬ್ಬನ ಹತ್ತಿರ 1,000 ರೂಪಾಯಿ ಇದೆ. ಅದನ್ನು 2,000 ಮಾಡಿಕೊಂಡು ಎದ್ದು ಹೋಗಬೇಕು ಅನ್ನುವ ಆಸೆ. ಪೂರ್ತಿ ಸಾವಿರವನ್ನು ಒಂದೇ ಸಲ ಕೆಂಪಿನ ಮೇಲೆ ಕಟ್ಟಿದರೆ ಗೆಲ್ಲುವ ಸಾಧ್ಯತೆ ನೂರಕ್ಕೆ 48.6. ಹೆಚ್ಚುಕಮ್ಮಿ ನಾಣ್ಯ ಚಿಮ್ಮಿದ ಹಾಗೆ. ಅದೇ ಅವನು ನೂರು ನೂರರಂತೆ ಕಟ್ಟುತ್ತಾ ಹೋದರೆ, ಕೈ ಖಾಲಿಯಾಗುವ ಮುಂಚೆ ದುಡ್ಡು ದುಪ್ಪಟ್ಟಾಗುವ ಸಾಧ್ಯತೆ ನೂರಕ್ಕೆ 37ಕ್ಕೆ ಇಳಿಯುತ್ತದೆ. ಇನ್ನೂ ಹುಷಾರಾಗಿ ಹತ್ತು ಹತ್ತು ರೂಪಾಯಿ ಕಟ್ಟಿದರೆ? ಸುಮಾರು 224 ಜನರಲ್ಲಿ ಒಬ್ಬನಿಗೆ ಮಾತ್ರ ದುಡ್ಡು ದುಪ್ಪಟ್ಟಾಗುತ್ತದೆ. ಉಳಿದವರೆಲ್ಲ ಖಾಲಿ ಜೇಬಿನಲ್ಲಿ ಏಳುತ್ತಾರೆ. ಈ ಅಂಕಿಯನ್ನು ಎಷ್ಟು ಜನರಿಗೆ ಹೇಳಿದರೂ ಮೊದಲಿಗೆ ನಂಬುವುದಿಲ್ಲ. ಸ್ವಲ್ಪ ಸ್ವಲ್ಪ ಕಟ್ಟಿದರೆ ಸೇಫ್ ಅಂತ ನಮ್ಮ ಮನಸ್ಸು ಹೇಳುತ್ತದೆ. ಲೆಕ್ಕ ಹೇಳುವುದು ಅದರ ಉಲ್ಟಾ. ಹೆಚ್ಚು ಹೊತ್ತು ಕೂತಷ್ಟೂ ಆ 2 ರೂಪಾಯಿ 70 ಪೈಸೆ ಮತ್ತೆ ಮತ್ತೆ ಕಡಿಯುತ್ತದೆ.

ಮಟ್ಕಾ ಗೊತ್ತಿರುವವರು ಇಲ್ಲೊಂದು ಮಾತು ಎತ್ತಬಹುದು. ಹತ್ತು ಅಂಕಿಗಳಲ್ಲಿ ಒಂದಕ್ಕೆ ಕಟ್ಟಿ, ಬಂದರೆ ಒಂದಕ್ಕೆ ಒಂಬತ್ತು ಅಂತ ಲೆಕ್ಕ ಹಿಡಿದರೆ ನೂರಕ್ಕೆ 10 ರೂಪಾಯಿ ಆಡಿಸುವವನಿಗೆ. ಕ್ಯಾಸಿನೊದ 2.70 ಅದಕ್ಕಿಂತ ವಾಸಿಯಲ್ಲವೇ? ಒಂದೊಂದು ಬಾಜಿಯ ಲೆಕ್ಕದಲ್ಲಿ ಹೌದು. ಆದರೆ ಮಟ್ಕಾದ ಅಂಕಿ ಬರುವುದು ಎರಡು ಸಲ, ಮೊದಲು ಓಪನ್‌ಗೊಂದು, ಆಮೇಲೆ ಕ್ಲೋಸ್‌ಗೊಂದು. ಎರಡಕ್ಕೂ ನೂರು ನೂರು ಕಟ್ಟಿದವನಿಗೆ ಸರಾಸರಿ ನಷ್ಟ 20 ರೂಪಾಯಿ. ರೂಲೆಟ್ ಚಕ್ರ ಗಂಟೆಗೆ 40 ಸಲ ತಿರುಗಿತು ಅಂದುಕೊಳ್ಳೋಣ. ನೂರರಂತೆ ಮೂರು ಗಂಟೆ ಆಡಿದವನ ಸರಾಸರಿ ನಷ್ಟ 324. ಚಿತ್ರಗಳು ತಿರುಗಿ ಒಂದೇ ಥರ ನಿಂತರೆ ದುಡ್ಡು ಕೊಡುವ ಸ್ಲಾಟ್ ಯಂತ್ರದ ಗುಂಡಿಯನ್ನಂತೂ ನಿಮಿಷಕ್ಕೆ ಹತ್ತು ಸಲ ಒತ್ತಬಹುದು. ಕಳೆದುಕೊಳ್ಳುವ ಮೊತ್ತವನ್ನು ತೀರ್ಮಾನಿಸುವುದು ವೇಗ ಮತ್ತು ಸಮಯ. ಶೇಕಡಾವಾರು ಆಮೇಲಿನ ಮಾತು.

ಹಾಗಾದರೆ ಮನುಷ್ಯ ಯಾಕೆ ಎದ್ದು ಬರುವುದಿಲ್ಲ? ಮೆದುಳಿನ ವಿಜ್ಞಾನಿ ವೋಲ್ಫ್‌ರಾಮ್ ಶುಲ್ಟ್ಸ್ ಕೋತಿಗಳಿಗೆ ಹಣ್ಣಿನ ರಸ ಕೊಟ್ಟು ನಡೆಸಿದ ಪ್ರಯೋಗಗಳು ಇದಕ್ಕೆ ಒಂದು ಸುಳಿವು ಕೊಟ್ಟವು. ಖಚಿತವಾಗಿ ಬರುವ ರಸಕ್ಕೆ ಡೋಪಮಿನ್ ಅನ್ನುವ ರಾಸಾಯನಿಕವನ್ನು ಬಿಡುವ ಮೆದುಳಿನ ನರಕೋಶಗಳು ಅಷ್ಟಾಗಿ ಮಿಡಿಯುವುದಿಲ್ಲ, ಅನಿರೀಕ್ಷಿತವಾಗಿ ಬಂದಾಗ ಜೋರಾಗಿ ಮಿಡಿಯುತ್ತವೆ. ಬಂದೀತೋ ಇಲ್ಲವೋ ಅನ್ನುವ ಅನುಮಾನವೇ ಮೆದುಳನ್ನು ಕಟ್ಟಿಹಾಕುತ್ತದೆ. 2009ರಲ್ಲಿ ಲೂಕ್ ಕ್ಲಾರ್ಕ್ ಮತ್ತು ಸಂಗಡಿಗರು ಇನ್ನೊಂದು ವಿಷಯ ತೋರಿಸಿದರು. ಸ್ವಲ್ಪದರಲ್ಲಿ ತಪ್ಪಿಹೋದ ಸೋಲು ಇರುತ್ತದಲ್ಲ, ಎರಡು ಚಿತ್ರ ಸರಿಯಾಗಿ ಬಂದು ಮೂರನೆಯದು ಒಂದು ಮನೆ ಜಾರಿದ ಹಾಗೆ, ಅಂಥ ಸೋಲಿನಲ್ಲಿ ಗೆದ್ದಾಗ ಕೆಲಸ ಮಾಡುವ ಮೆದುಳಿನ ಭಾಗಗಳೇ ಎಚ್ಚೆತ್ತವು. ಆಡುವವರಿಗೆ ಅದು ಖುಷಿ ಕೊಡಲಿಲ್ಲ. ಆದರೆ ಇನ್ನೊಂದು ಸಲ ಆಡಬೇಕು ಅನ್ನುವ ಆಸೆ ಜಾಸ್ತಿಯಾಯಿತು. ಸೋತವನನ್ನು ಕೂರಿಸುವುದಕ್ಕೆ ಇದಕ್ಕಿಂತ ಇನ್ನೇನು ಬೇಕು?

ಈಗ ಪೇಟೆಗೆ ಬರೋಣ. ಸಿರುಗುಪ್ಪದಿಂದಲೋ ಕುರುಗೋಡಿನಿಂದಲೋ ಒಂದು ಕುಟುಂಬ ಮದುವೆ ಜವಳಿ ತೆಗೆಯುವುದಕ್ಕೆ ಬೆಂಗಳೂರು ರಸ್ತೆಗೆ ಬಂದಿದೆ ಅನ್ನಿ. ಸೀರೆ ಆರಿಸಿ ಮುಗಿಯುವ ಹೊತ್ತಿಗೆ ಹುಡುಗರಿಗೆ ಹಸಿವು. ಗಾಡಿಯ ಮುಂದೆ ನಿಂತು ಒಗ್ಗರಣೆ, ಮಿರ್ಚಿ ತಿಂದಾಯಿತು. ಅತ್ತೆಗೆ ಬಳೆ, ಮಾವನಿಗೆ ಚಪ್ಪಲಿ, ಮನೆಗೆ ಸ್ಟೀಲ್ ಪಾತ್ರೆ. ರವಿಕೆ ಹೊಲಿಯಲು ಕೊಟ್ಟು, ಆಟೊ ಹತ್ತಿ ಬಸ್ ಸ್ಟ್ಯಾಂಡಿಗೆ. ಇವರು ಬಂದದ್ದು ಒಂದು ಅಂಗಡಿಗೆ, ದುಡ್ಡು ಮುಟ್ಟಿದ್ದು ಏಳೆಂಟು ಜನರಿಗೆ. ಪೇಟೆ ಬದುಕುವುದು ಹೀಗೆ ಕಾಲು ಸವೆಸುವ ಜನರಿಂದ. ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೋಗುವ ಆ ಹತ್ತಿಪ್ಪತ್ತು ಹೆಜ್ಜೆಗಳಲ್ಲೇ ಅದರ ಲಾಭ ಇರುವುದು.

ಮಿರ್ಚಿ ಗಾಡಿಯವರು ಆ ದುಡ್ಡಿನಲ್ಲಿ ಊರಲ್ಲೇ ಕಡಲೆ ಹಿಟ್ಟು, ಮಂಡಕ್ಕಿ, ಎಣ್ಣೆ ಕೊಳ್ಳುತ್ತಾರೆ. ಪ್ರತಿ ಕೈಯೂ ಅರ್ಧ ಭಾಗವನ್ನು ಊರಲ್ಲೇ ಖರ್ಚು ಮಾಡಿದರೆ, ನೂರು ರೂಪಾಯಿ ಸುತ್ತಿ ಸುತ್ತಿ ಒಟ್ಟು ಇನ್ನೂರು ರೂಪಾಯಿಯ ವ್ಯಾಪಾರವಾಗುತ್ತದೆ. ಐದನೇ ಒಂದು ಭಾಗ ಮಾತ್ರ ಊರಲ್ಲಿ ಉಳಿದರೆ ಒಟ್ಟು 125. ಕ್ಯಾಸಿನೊ ನಡೆಸಲು ಬೇಕಾದ ಬಂಡವಾಳ ದೊಡ್ಡದು. ಮಾಲೀಕರು ಹೊರಗಿನವರೇ ಆಗಿರುವ ಸಾಧ್ಯತೆ ಹೆಚ್ಚು. ಯಂತ್ರಗಳೂ ಹೊರಗಿನವು. ಲಾಭವೂ ಅವರ ಹಿಂದೆಯೇ ಹೋಗುತ್ತದೆ.

ಇನ್ನು ಗಿರಾಕಿಯ ಕಾಲು. ಅವನು ಒಂದು ಗಂಟೆ ಹೊರಗೆ ಸುತ್ತಾಡಿದರೆ ಕ್ಯಾಸಿನೊಗೆ 40 ಸುತ್ತು ನಷ್ಟ. ಅದಕ್ಕೇ ಊಟ, ಕುಡಿತ, ಕೋಣೆ, ಹಾಡು, ಕುಣಿತ ಎಲ್ಲ ಒಳಗೇ. ಎಷ್ಟೋ ಕಡೆ ಊಟ ಅಗ್ಗ, ಕೆಲವು ಕಡೆ ಪುಕ್ಕಟೆ. ಹೊರಗಿನ ಹೋಟೆಲಿನವರು ಈ ಬೆಲೆಗೆ ಹೇಗೆ ಪೈಪೋಟಿ ಕೊಡಬೇಕು? ಪೇಟೆಗೆ ಬೇಕಾದ್ದು ಹೊರಗೆ ನಡೆದಾಡುವ ಮನುಷ್ಯ. ಕ್ಯಾಸಿನೊದ ಗಣಿತಕ್ಕೆ ಬೇಕಾದ್ದು ಒಳಗೆ ಕೂತ ಮನುಷ್ಯ. ನನ್ನ ವಿರೋಧಕ್ಕೆ ಮೂಲ ಇದೇ.

ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ಇದರ ಪರೀಕ್ಷೆ ನಡೆದುಹೋಗಿದೆ. ಸಮುದ್ರ ದಂಡೆಯ ಹಳೆಯ ಪ್ರವಾಸಿ ಊರು ಅದು, ಕಳೆಗುಂದಿತ್ತು. ಊರನ್ನು ಮತ್ತೆ ಎಬ್ಬಿಸಬೇಕು ಅನ್ನುವ ಆಸೆಯಿಂದಲೇ 1976ರಲ್ಲಿ ನ್ಯೂಜೆರ್ಸಿಯ ಜನ ಮತ ಹಾಕಿ ಕ್ಯಾಸಿನೊಗೆ ಒಪ್ಪಿಗೆ ಕೊಟ್ಟರು. 1978ರ ಮೇ ತಿಂಗಳಲ್ಲಿ ಮೊದಲನೆಯದು ತೆರೆಯಿತು. ದುಡ್ಡು ನಿಜವಾಗಿಯೂ ಬಂತು. 2006ರಲ್ಲಿ ಕ್ಯಾಸಿನೊಗಳ ಆದಾಯ 520 ಕೋಟಿ ಡಾಲರ್ ಮುಟ್ಟಿತು. ಆದರೆ ಕಟ್ಟಡಗಳು ಸಮುದ್ರಕ್ಕೆ ಮುಖ ಮಾಡಿ, ಊರಿಗೆ ಬೆನ್ನು ಹಾಕಿ ನಿಂತಿದ್ದವು. ಕೆಲವೇ ಬೀದಿಗಳ ಆಚೆ ಬಡತನ, ಖಾಲಿ ಸೈಟುಗಳು ಹಾಗೇ ಉಳಿದವು. ಅದೇ 2006ರಲ್ಲಿ ಪಕ್ಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲೂ ಕ್ಯಾಸಿನೊಗಳು ಶುರುವಾದವು. ಗಿರಾಕಿಗಳು ಅತ್ತ ಹೊರಳಿದರು. ಎಂಟೇ ವರ್ಷದಲ್ಲಿ ಆದಾಯ ಹೆಚ್ಚುಕಮ್ಮಿ ಅರ್ಧಕ್ಕೆ ಕುಸಿಯಿತು. 2014 ಒಂದೇ ವರ್ಷದಲ್ಲಿ ನಾಲ್ಕು ಕ್ಯಾಸಿನೊಗಳು ಬಾಗಿಲು ಹಾಕಿದವು. ಅದರಲ್ಲಿ ಒಂದು 240 ಕೋಟಿ ಡಾಲರ್ ಸುರಿದು ಕಟ್ಟಿದ್ದು, ತೆರೆದು ಎರಡೇ ವರ್ಷವಾಗಿತ್ತು. ಸಾವಿರಾರು ಜನ ಕೆಲಸ ಕಳೆದುಕೊಂಡರು.

ಒಂದೇ ಕಂಬದ ಮೇಲೆ ಊರು ನಿಲ್ಲಿಸಿದರೆ ಏನಾಗುತ್ತದೆ ಅಂತ ಬಳ್ಳಾರಿಗೆ ಬೇರೆಯವರು ಹೇಳಬೇಕಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಸಾಲುಗಟ್ಟಿ ನಿಂತ ಲಾರಿಗಳನ್ನು, ಕಂತು ಕಟ್ಟಲಾಗದ ಮಾಲೀಕರನ್ನು, ಗಿರಾಕಿ ಇಲ್ಲದ ಡಾಬಾಗಳನ್ನು ನೋಡಿದ ಊರು ಇದು.

ಕ್ಯಾಸಿನೊದಿಂದ ಗೆದ್ದ ಊರುಗಳೂ ಇವೆ. ಲಾಸ್ ವೇಗಸ್, ಮಕಾವ್, ಸಿಂಗಪುರ. ಆದರೆ ಅಲ್ಲಿ ಆಡುವವರ ಪೈಕಿ ಹೊರಗಿನವರೇ ಜಾಸ್ತಿ. ಹೊರಗಿನವನು ಸೋತರೆ ದುಡ್ಡು ಊರಿಗೆ ಬಂದ ಹಾಗೆ. ಊರಿನವನು ಸೋತರೆ ಸೀರೆ ಅಂಗಡಿಗೆ, ಕಿರಾಣಿಗೆ, ಮಕ್ಕಳ ಫೀಸಿಗೆ ಹೋಗಬೇಕಿದ್ದ ದುಡ್ಡೇ ಜಾಗ ಬದಲಿಸಿದ ಹಾಗೆ. ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವರು ಕ್ಯಾಸಿನೊ ಇಟ್ಟುಕೊಂಡ ಸರ್ಕಾರಗಳೇ. ಮೊನಾಕೊ ತನ್ನ ಪ್ರಜೆಗಳನ್ನು ಮಾಂಟೆ ಕಾರ್ಲೊದ ಜೂಜಿನ ಕೋಣೆಗಳೊಳಗೆ ಬಿಡುವುದಿಲ್ಲ. ಸಿಂಗಪುರದವರು ದಿನಕ್ಕೆ 150 ಸಿಂಗಪುರ ಡಾಲರ್ ಕಟ್ಟಿ ಒಳಗೆ ಹೋಗಬೇಕು, ವಿದೇಶಿಗರಿಗೆ ಅದಿಲ್ಲ. ಗೋವಾ ಸರ್ಕಾರವೂ 2020ರಲ್ಲಿ ಗೋವಾದವರಿಗೆ ಕ್ಯಾಸಿನೊ ಪ್ರವೇಶ ನಿಷೇಧಿಸಿತು. ಬಳ್ಳಾರಿಗೆ ಹೊರಗಿನವರು ಯಾರು ಬರುತ್ತಾರೆ? ಹಂಪಿ ನೋಡಲು ಬಂದವರು 60 ಕಿಲೋಮೀಟರ್ ಈಚೆ ಬಂದು ಸ್ಲಾಟ್ ಯಂತ್ರದ ಮುಂದೆ ಕೂರುತ್ತಾರೆ ಅಂತ ನನಗೆ ನಂಬಿಕೆ ಇಲ್ಲ. ಬರುವವರು ಆದೋನಿ, ಗುಂತಕಲ್, ರಾಯಚೂರು, ಹೊಸಪೇಟೆಯವರು. ಅಂದರೆ ಈಗಾಗಲೇ ನಮ್ಮ ಜವಳಿ ಅಂಗಡಿಗಳಿಗೆ ಬರುತ್ತಿರುವವರೇ.

“ಹೆಂಗೂ ಗೋವಾಕ್ಕೆ ಹೋಗ್ತಾರಲ್ಲ” ಅನ್ನುವ ವಾದ ಉಳಿಯಿತು. ಹೋಗುವವರು ಎಷ್ಟು, ಎಷ್ಟು ಸಲ? ದೂರ ಒಂದು ತಡೆ. ರಜೆ ಹಾಕಬೇಕು, ಟಿಕೆಟ್ ಬುಕ್ ಮಾಡಬೇಕು, ಮನೆಯಲ್ಲಿ ಏನಾದರೂ ಹೇಳಬೇಕು. ಕ್ಯಾಸಿನೊದಿಂದ ಹತ್ತು ಮೈಲಿಯೊಳಗೆ ವಾಸಿಸುವವರಲ್ಲಿ ಜೂಜಿನ ಚಟ ಸುಮಾರು ಎರಡು ಪಟ್ಟು ಅಂತ ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಆಸ್ಟ್ರೇಲಿಯಾದ ಉತ್ಪಾದಕತಾ ಆಯೋಗ 2010ರಲ್ಲಿ ಕೊಟ್ಟ ಅಂದಾಜು ಇನ್ನೂ ನೋವಿನದು. ಜೂಜಿನ ಯಂತ್ರಗಳಿಗೆ ಸುರಿಯುವ ದುಡ್ಡಿನಲ್ಲಿ ನೂರಕ್ಕೆ ಸುಮಾರು 40 ಪಾಲು ಚಟಕ್ಕೆ ಬಿದ್ದವರದ್ದು. ಜೀನ್ಸ್ ಘಟಕದಲ್ಲಿ ವಾರದ ಬಟವಾಡೆ ಆದ ಸಂಜೆ, ಆಟೊದಲ್ಲಿ ಹತ್ತು ನಿಮಿಷದ ದಾರಿಯಲ್ಲಿ ಕ್ಯಾಸಿನೊ ಇದ್ದರೆ ಏನಾಗಬಹುದು ಅಂತ ಯೋಚಿಸಿದರೆ ನನಗೆ ಹೆದರಿಕೆಯಾಗುತ್ತದೆ.

ಕ್ಯಾಸಿನೊ ಪರ ಇರುವವರ ಗಟ್ಟಿ ವಾದ ಉದ್ಯೋಗದ್ದು. ಅದು ಸುಳ್ಳಲ್ಲ. ಅಮೆರಿಕದ ಮೂಲನಿವಾಸಿ ಬುಡಕಟ್ಟುಗಳ ಕ್ಯಾಸಿನೊಗಳನ್ನು ಅರ್ಥಶಾಸ್ತ್ರಜ್ಞರಾದ ವಿಲಿಯಂ ಇವಾನ್ಸ್ ಮತ್ತು ಜೂಲಿ ಟೊಪೊಲೆಸ್ಕಿ 2002ರಲ್ಲಿ ಅಧ್ಯಯನ ಮಾಡಿದರು. ತೆರೆದ ನಾಲ್ಕು ವರ್ಷಕ್ಕೆ ಬುಡಕಟ್ಟುಗಳಲ್ಲಿ ಉದ್ಯೋಗ ಶೇ. 26 ಹೆಚ್ಚಿತ್ತು. ಅದೇ ಅಧ್ಯಯನದಲ್ಲಿ ಕ್ಯಾಸಿನೊ ಇರುವ ಕೌಂಟಿಗಳಲ್ಲಿ, ಅಂದರೆ ನಮ್ಮ ಜಿಲ್ಲೆಗಳಂಥ ಭಾಗಗಳಲ್ಲಿ, ದಿವಾಳಿ, ಹಿಂಸೆಯ ಅಪರಾಧ, ವಾಹನ ಕಳವು ಶೇ. 10ರಷ್ಟು ಏರಿದ್ದೂ ಕಂಡಿತು. ಕೆಲಸವೇ ಇಲ್ಲದ ಜಾಗದಲ್ಲಿ ಆ 26 ದೊಡ್ಡ ಮಾತು. ಹೊಲಿಗೆ, ಉಕ್ಕು, ಅದಿರು, ಹತ್ತಿ, ಮೆಣಸಿನಕಾಯಿಯ ದುಡಿಮೆ ಇರುವ ಬಳ್ಳಾರಿಯನ್ನು ಅದಕ್ಕೆ ಹೋಲಿಸುವುದು ಸರಿಯಲ್ಲ.

ತೆರಿಗೆಯ ಲೆಕ್ಕವನ್ನೂ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಕ್ಯಾಸಿನೊಗಳ ಮೇಲೆ ಜಿಎಸ್‌ಟಿ ಶೇ. 40. ಅದು ಕೇಂದ್ರಕ್ಕೂ ರಾಜ್ಯಕ್ಕೂ ಹಂಚಿಹೋಗುತ್ತದೆ, ಮಹಾನಗರ ಪಾಲಿಕೆಗೆ ಅದರಲ್ಲಿ ನೇರ ಪಾಲಿಲ್ಲ. ಪಾಲಿಕೆಗೆ ಮುಖ್ಯವಾಗಿ ಸಿಗುವುದು ಕಟ್ಟಡದ ಆಸ್ತಿ ತೆರಿಗೆ, ವ್ಯಾಪಾರ ಪರವಾನಗಿಯ ಶುಲ್ಕ. ಅದೇ ಜಾಗದಲ್ಲಿ ನಲವತ್ತು ಅಂಗಡಿಗಳ ಒಂದು ಮಾರುಕಟ್ಟೆ ಕಟ್ಟಿದರೂ ಆ ಎರಡೂ ಬರುತ್ತವೆ. ಜೊತೆಗೆ ಮಿರ್ಚಿ ಗಾಡಿಗೆ ಗಿರಾಕಿಯೂ ಸಿಗುತ್ತಾರೆ.